ಬಾವಿಯಿದ್ದ ಶಿಬಿರಕ್ಕೆ ಮಗನನ್ನು ಬಿಟ್ಟುಬಂದದ್ದು

ಮೇ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಏಳಕ್ಕೇ ಸೊಲ್ಲಾಪುರದ ಎಸ್.ಟಿ. ಸ್ಟ್ಯಾಂಡಿನಲ್ಲಿ ಬೆವರು ಧಾರಾಕಾರ ಇಳಿಯುತ್ತಿತ್ತು. ನಾನು, ನನ್ನ ಹತ್ತು ವರ್ಷದ ಮಗ ಬಸು, ಒಂದು ಟ್ರಂಕು, ನೀರಿನ ತಂಬಿಗೆ, ಇಷ್ಟು ನಮ್ಮ ದಂಡು. ಎಪ್ಪತ್ತೆರಡರ ಬರ ಕಳೆದು ಎರಡು ಮಳೆಗಾಲ ಆಗಿದ್ದವು. ಗಂಡುಹುಡುಗರನ್ನು ಬೇಸಿಗೆ ರಜೆಯಲ್ಲಿ ಎರಡು ಮೂರು ವಾರ ಶಿಬಿರದಲ್ಲಿಡುವ ಗೀಳು ಆಗ ನಮ್ಮ ಚಾದರ ವ್ಯಾಪಾರಿಗಳ ಮನೆಗಳಿಗೆ ಹೊಸದಾಗಿ ಹತ್ತಿತ್ತು. ನನಗೂ ಹತ್ತಿತು. ಬಸು ರಜೆಯಿಡೀ ಅಂಗಡಿಯ ಗಾದಿಯ ಮೇಲೆ ಕೂತು ಪೇಢೆ ತಿನ್ನುತ್ತಿದ್ದ. ರಸ್ತೆ ದಾಟಬೇಕಾದರೂ ಅಜ್ಜಿಯ ಕೈ ಬೇಕಾಗುತ್ತಿತ್ತು.

ಆ ಅಜ್ಜಿ, ಎಂದರೆ ನಮ್ಮವ್ವ, ಹೊರಡುವಾಗ ಒಂದೇ ಮಾತು ಹೇಳಿದ್ದಳು: "ಎಲ್ಲಿ ಬೇಕಾದ್ರೂ ಇಡು. ಬಾವಿ ಇದ್ದಲ್ಲಿ ಇಡಬ್ಯಾಡ." ನಾನು ಹುಟ್ಟುವ ಮೊದಲೇ ನನ್ನ ಅಣ್ಣ ದುಧನಿಯಲ್ಲಿ ಸೋದರಮಾವನ ತೋಟದ ಬಾವಿಗೆ ಬಿದ್ದು ತೀರಿಕೊಂಡಿದ್ದ. ಅಂದಿನಿಂದ ನಮ್ಮ ಮನೆಯ ಗಂಡಸರು ಯಾರೂ ನೀರಿಗೆ ಇಳಿದಿರಲಿಲ್ಲ. ವಯಸ್ಸು ನಲವತ್ತಾದರೂ ನನಗೆ ಈಜು ಬರುತ್ತಿರಲಿಲ್ಲ.

ಹಿಂದಿನ ವಾರ ವಿಜಾಪುರ ರಸ್ತೆಯ ಒಂದು ಶಿಬಿರ ನೋಡಿ ಬಂದಿದ್ದೆ. ಸಿಮೆಂಟಿನ ಕಟ್ಟಡ, ತಲೆಯ ಮೇಲೆ ಫ್ಯಾನು, ನಳದ ನೀರು. ಅವ್ವನ ಷರತ್ತಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅಲ್ಲಿ ಹುಡುಗರ ಅಂಗಿಗೆ ನಂಬರು ಹಚ್ಚಿ, ಸೀಟಿ ಊದಿ, ನಂಬರಿನಿಂದಲೇ ಕರೆಯುತ್ತಿದ್ದರು. ನಾವು ಗೋದಾಮಿನಲ್ಲಿ ಚಾದರದ ಗಂಟುಗಳಿಗೆ ನಂಬರು ಹಾಕುತ್ತೇವೆ. ಮಗನಿಗೂ ಹಾಕಿಸಲು ಮನಸ್ಸು ಒಪ್ಪಲಿಲ್ಲ. ಅಕ್ಕಲಕೋಟೆ ಕಡೆಯ ಗಿರಾಕಿಯೊಬ್ಬ ತನ್ನೂರಿನ ಹತ್ತಿರ ತೋಟದಲ್ಲಿ ನಡೆಯುವ ಹಳೆಯ ಪದ್ಧತಿಯ ಶಿಬಿರವನ್ನು ಬಾಯಿತುಂಬ ಹೊಗಳಿದ. ಬಾವಿಯ ವಿಷಯ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕಲಕೋಟೆಗೆ ಇಪ್ಪತ್ತನಾಲ್ಕು ಮೈಲಿ. ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಒಲೆಯ ಮುಂದೆ ಕೂತಂತಾಗುತ್ತಿತ್ತು. ಎರಡೂ ಕಡೆ ಹರಗಿ ಬಿಟ್ಟ ಕರಿ ಹೊಲ, ಅಲ್ಲೊಂದು ಇಲ್ಲೊಂದು ಬೇವಿನ ಮರ. ಊರಿನಲ್ಲಿ ಸ್ವಾಮಿಗಳ ಸಮಾಧಿಯ ದರ್ಶನ ಮುಗಿಸಿ, ಚಹಾ ಕುಡಿದು, ದುಧನಿ ರಸ್ತೆಗೆ ಟಾಂಗಾ ಹಿಡಿದೆವು. ಬಸು ದಾರಿಯುದ್ದಕ್ಕೂ "ಅಪ್ಪಾ, ರಾತ್ರಿ ನಾ ಯಾರ ಬಾಜೂಕ ಮಲಗ್ಲಿ?" ಎಂದು ಕೇಳುತ್ತಲೇ ಇದ್ದ.

ತೋಟ ನೋಡಿದೊಡನೆ ನನ್ನ ಜೀವ ತಂಪಾಯಿತು. ದೊಡ್ಡ ಹುಣಸೆ ಮರಗಳ ನೆರಳು, ಮೇಲೆ ಗರಿ ಹೊದಿಸಿದ ಉದ್ದನೆಯ ಚಪ್ಪರ, ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುವ ಮಲ್ಲಕಂಬ. ಶಿಬಿರ ನಡೆಸುವ ಮಾಸ್ತರರು ಆ ತೋಟದ ಮಾಲಕರೇ. ಒಣಕಲು ಮೈ, ಬಿಳಿ ಮೀಸೆ, ಮೆಲುದನಿ. ಗೌಡರ ಮಕ್ಕಳು, ವ್ಯಾಪಾರಿಗಳ ಮಕ್ಕಳು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ನನ್ನ ತಾಟಿಗೆ ಬಂದ ರೊಟ್ಟಿಗೆ ಅಂಚು ಯಾವುದು, ನಡು ಯಾವುದು ತಿಳಿಯುತ್ತಿರಲಿಲ್ಲ. ಆದರೂ ಝುಣಕ, ಶೇಂಗಾ ಹಿಂಡಿ, ಮಜ್ಜಿಗೆಯ ಜೊತೆ ಮೂರು ತಿಂದೆ. ಅಲ್ಲಿ ಯಾವ ಹುಡುಗನೂ ತನ್ನ ಹಾಸಿಗೆ ತಾನೇ ಹಾಸಿಕೊಳ್ಳುವಂತಿಲ್ಲ. ಪಕ್ಕದವನದು ಇವನು ಹಾಸಬೇಕು, ಇವನದು ಪಕ್ಕದವನು. ಬಸುವಿನ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿತು. ಎಷ್ಟು ಚಂದದ ರೂಢಿ! ಇದೇ ನಮ್ಮ ಶಿಬಿರ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಬಿಸಿಲು ಇಳಿದ ಮೇಲೆ ಹುಡುಗರೆಲ್ಲ ಹೋ ಎಂದು ತೋಟದ ಹಿಂದಕ್ಕೆ ಓಡಿದರು. ನಾವೂ ಹೋದೆವು. ಕಲ್ಲು ಕಟ್ಟಿದ ದೊಡ್ಡ ಬಾವಿ. ಕೆಳಗಿನವರೆಗೂ ಮೆಟ್ಟಿಲು, ಮೇ ತಿಂಗಳಲ್ಲೂ ಎರಡಾಳು ನೀರು. ನನ್ನ ಕಾಲು ಅಲ್ಲೇ ನಿಂತವು.

"ಮಾಸ್ತರ್ರ, ನಮ್ಮ ಹುಡುಗಗ ಬಾವಿ ಒಂದು ಬ್ಯಾಡ್ರಿ. ಉಳಿದದ್ದೆಲ್ಲಾ ಕಲಿಸ್ರಿ."

"ಹಂಗಾದ್ರ ಕರ್ಕೊಂಡು ಹೋಗ್ರಿ ಸಾವಕಾರ್ರ, ನಮಗೇನು ಬ್ಯಾಸರ ಇಲ್ಲ," ಎಂದರು ಅವರು. "ಎಲ್ಲಾರೂ ಇಳದಾಗ ಒಬ್ಬಂವ ಮ್ಯಾಲ ಕುಂತ್ರ, ಅಂವ ಇಲ್ಲಿ ಅಂಜೂದಷ್ಟ ಕಲೀತಾನ."

ನಾನು ಅಣ್ಣನ ಕಥೆ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಣಗಿದ ಎರಡು ಸೋರೆಬುರುಡೆಗಳನ್ನೂ ಒಂದು ಹಗ್ಗವನ್ನೂ ತಂದು ನನ್ನ ಮುಂದಿಟ್ಟರು. ಕಲಿಯುವ ಹುಡುಗ ಮುಳುಗದಂತೆ ಬೆನ್ನಿಗೆ ಕಟ್ಟುವ ಬುರುಡೆಗಳು ಅವು. "ಮೊದಲನೇ ದಿನ ಕಟ್ಟೂದು ತಂದಿ ಕೈ. ಕಲತ ಮ್ಯಾಲ ಬಿಚ್ಚೂದು ಹುಡುಗನ ಕೈ. ಇದು ನಮ್ಮ ಅಪ್ಪನ ಕಾಲದ ರಿವಾಜು. ಮನಸಿದ್ರ ಕಟ್ರಿ, ಇಲ್ಲಾಂದ್ರ ಸಂಜೀ ಬಸ್ಸಿಗಿ ಟಾಂಗಾ ತರಸ್ತೀನಿ."

ಬಸು ಆಗಲೇ ನಾಲ್ಕು ಮೆಟ್ಟಿಲು ಇಳಿದು ನಿಂತಿದ್ದ. ನೀರಿನಲ್ಲಿದ್ದ ಹುಡುಗರು ಅವನನ್ನು ಕೂಗಿ ಕರೆಯುತ್ತಿದ್ದರು. ಅವನು ತಿರುಗಿ ನನ್ನನ್ನು ನೋಡಿದ. "ಅಪ್ಪಾ, ಮೀ ಉತರೂ ಕಾ?" ಇಳಿಯಲೇನು ಎಂದು ಕೇಳಿದ. ಆಸೆ ಹೆಚ್ಚಾದಾಗ ಅವನ ಬಾಯಿಗೆ ಶಾಲೆಯ ಮರಾಠಿಯೇ ಬರುತ್ತಿತ್ತು. ಅವನ ಮುಖದಲ್ಲಿ ಅಂಜಿಕೆ ಇರಲಿಲ್ಲ. ಅಂಜಿಕೆಯೆಲ್ಲ ನನ್ನದೇ ಆಗಿತ್ತು.

ಹಗ್ಗ ಕೈಗೆತ್ತಿಕೊಂಡೆ. ಇಪ್ಪತ್ತು ವರ್ಷ ಚಾದರದ ಗಂಟು ಕಟ್ಟಿದ ಕೈ. ಮಗನ ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿ ಬಿಗಿದೇಬಿಟ್ಟೆ. ಬಸು ಕುಂಯ್ ಎಂದ. ಬಾವಿಯಲ್ಲಿದ್ದ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು.

"ಸಾವಕಾರ್ರ, ರೈಲಿಗಿ ಹಾಕೂ ಮಾಲಲ್ಲರೀ ಅದು!" ಎಂದರು ಮಾಸ್ತರರು. "ಉಸರಾಡಾಕ ಜಾಗಾ ಬಿಡ್ರಿ."

ಬಿಚ್ಚಿ ಮತ್ತೆ ಕಟ್ಟಿದೆ, ಈ ಸಲ ಎರಡು ಬೆರಳು ಹೋಗುವಷ್ಟು ಸಡಿಲು ಬಿಟ್ಟು. ಮಾಸ್ತರರು ನೀರಿಗಿಳಿದು ಕೈ ಚಾಚಿದರು. ಬಸು ಕಣ್ಣು ಮುಚ್ಚಿ ಹಾರಿದ, ಮುಳುಗಿದ, ಮರುಗಳಿಗೆ ಬುರುಡೆಗಳ ಸಮೇತ ಮೇಲೆ ಬಂದು ಕೇಕೆ ಹಾಕಿದ. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಮಂದಿಯ ಮುಂದೆ ಅತ್ತೆ, ನಾಚಿಕೆಯೂ ಆಗಲಿಲ್ಲ. ನಾನು ಹೊರಟಾಗ ಅವನು ಇನ್ನೂ ನೀರಿನಲ್ಲೇ ಇದ್ದ. ಹೋಗಿ ಬರುತ್ತೇನೆಂದರೆ ತಿರುಗಿ ನೋಡುವುದಕ್ಕೂ ಅವನಿಗೆ ಪುರಸೊತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಜಾಗ ಸಿಕ್ಕಿತು. ಗಾಳಿ ತಂಪಾಗಿದ್ದರೂ ಹೊರಗಿನ ಒಂದು ಊರೂ ಕಣ್ಣಿಗೆ ಬೀಳಲಿಲ್ಲ. ಅವ್ವನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಮನೆ ತಲುಪಿದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಅಲ್ಲಿ ಬಾವಿ ಅದ?"

"ಅದ ಅವ್ವಾ. ನಾನ ಅವನ ಬೆನ್ನಿಗಿ ಬುರುಡಿ ಕಟ್ಟಿ ಇಳಿಸೀನಿ."

ಸೆರಗು ಬಾಯಿಗೆ ಒತ್ತಿಕೊಂಡಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಆದರೆ ಅವಳು ಸೆರಗು ಇಳಿಸಿ ಬೇರೆಯೇ ಮಾತು ತೆಗೆದಳು.

"ನಿಮ್ಮಣ್ಣ ಬಿದ್ದಾಗ ಬಾವಿ ದಂಡೀ ತುಂಬ ನಮ್ಮ ಮನಿ ಮಂದೀನ ನಿಂತಿದ್ರು. ನಿಮ್ಮಪ್ಪನೂ ಇದ್ದ. ಒಬ್ಬಗೂ ಈಸಾಕ ಬರ್ತಿದ್ದಿಲ್ಲ." ಕಣ್ಣು ಒರೆಸಿಕೊಂಡು ಎದ್ದಳು. "ಮುಂದಿನ ವಾರದ ಐತವಾರ ನನ್ನೂ ಕರ್ಕೊಂಡು ಹೋಗು. ಅಂವ ಈಸೂದು ನಾ ನೋಡಬೇಕು."