ಅಕ್ಕನ ಕ್ವಾಡ್ ಬೈಕಿಗೆ ಬದಲಿ ಎಣ್ಣೆ

ನಟ್ಟು ಬಿಚ್ಚಿದರೆ ಎಣ್ಣೆ ಬರಬೇಕಿತ್ತು, ಬಂದದ್ದು ಮಜ್ಜಿಗೆ. ಆ ಭಾನುವಾರ, ಅಕ್ಕನ ನಾಲ್ಕು ಚಕ್ರದ ಕ್ವಾಡ್ ಬೈಕಿನ ಹಿಂದಿನ ಗೇರ್ ಪೆಟ್ಟಿಗೆಯ ಕೆಳಗೆ ನಾನಿಟ್ಟಿದ್ದ ಹಳೆಯ ಟ್ರೇ ಬೆಳ್ಳಗೆ, ನೊರೆನೊರೆಯಾಗಿ ತುಂಬಿಕೊಂಡಿತು. ಪೆಟ್ಟಿಗೆಗೆ ಗಾಳಿಯಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ತೊರೆ ದಾಟುವಾಗ ಅದು ಕಳಚಿಕೊಂಡು ನೀರು ಒಳಗೆ ನುಗ್ಗಿತ್ತು. ಕೊಳವೆಯನ್ನು ಮತ್ತೆ ಸಿಕ್ಕಿಸಿ ಎದ್ದು ನಿಂತೆ.

"ಯೋಚನೆ ಮಾಡ್ಬೇಡಿ ಅಕ್ಕ, ಹೊಸ ಎಣ್ಣೆ ಹಾಕಿದ್ರೆ ಸರಿಹೋಗುತ್ತೆ. ನಾನು ನೋಡ್ಕೋತೀನಿ," ಅಂದೆ. 'ನಾನು ನೋಡ್ಕೋತೀನಿ' ಅನ್ನುವುದು ನನ್ನ ಬಾಯಿಂದ ಬಹಳ ಸಲೀಸಾಗಿ ಬರುವ ಮಾತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಡಗ್ಲಸ್ ಬಡಾವಣೆಯ ಬಾಡಿಗೆ ಮನೆ ಬಿಟ್ಟು ನಾವು ಐರ್ಲೆಂಡಿನ ಕಾರ್ಕ್ ಕೌಂಟಿಯ ಈ ಗುಡ್ಡದ ಕೆಳಗೆ ಮನೆ ಮಾಡಿದಾಗ ಬೇಲಿಯಾಚೆ ಸಿಕ್ಕಿದ ಐರಿಷ್ ಹೆಂಗಸು, ಕುರಿ ಸಾಕುವಾಕೆ. ಅರವತ್ತು ದಾಟಿದೆ. ಈ ಊರಲ್ಲಿ ಅಜ್ಜಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ, 'ಅಕ್ಕ' ಅಂದೆ. ಅರ್ಥ ಕೇಳಿದರು, ಹೇಳಿದೆ, "ಗ್ರ್ಯಾಂಡ್" ಅಂದರು; ಇಲ್ಲಿಯವರ ಬಾಯಲ್ಲಿ ಹಾಗಂದರೆ 'ಚೆನ್ನಾಗಿದೆ' ಎಂದು. ಅಂದಿನಿಂದ ಅಕ್ಕನೇ. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಆ ಚಳಿಗಾಲ ಅಕ್ಕನ ಮಂಡಿಯ ಆಪರೇಷನ್ ಆಗಿತ್ತು. ಈ ವಸಂತದಲ್ಲಿ ಗುಡ್ಡ ಹತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇನ್ನು ಹತ್ತು ದಿನಕ್ಕೆ ಕುರಿಗಳು ಮರಿ ಹಾಕಲು ಶುರುಮಾಡುತ್ತವೆ, ದಿನಕ್ಕೆ ನಾಲ್ಕು ಸಲವಾದರೂ ಮೇಲೆ ಹೋಗಿ ನೋಡಬೇಕು. ಕ್ವಾಡ್ ಬೈಕೇ ಅವರ ಕಾಲು. ಅದು ನಿಂತರೆ ಬಸುರಿ ಕುರಿಗಳನ್ನೆಲ್ಲ ಮೈದುನನ ಜಮೀನಿಗೆ ಕಳಿಸಬೇಕು.

"ಒಂದ್ಸಲ ಅಲ್ಲಿಗೆ ಹೋದ್ರೆ ವಾಪಸ್ ಬರಲ್ಲ," ಅಂದಿದ್ದರು ಅಕ್ಕ. "ನೀನಿನ್ನು ಸುಧಾರಿಸ್ಕೋ ಅಂತಾನೆ. ಪಾಪ, ಪ್ರೀತಿಯಿಂದಲೇ ಹೇಳ್ತಾನೆ. ಅದಕ್ಕೇ ಭಯ."

ಮೂವತ್ತು ವರ್ಷ ತಾನೇ ಆರಿಸಿ ಬೆಳೆಸಿದ ಹಿಂಡು ಅದು. ಹಾಗಾಗಿ ಎಣ್ಣೆಯ ವಿಷಯ ನನಗೆ ಬರೀ ಎಣ್ಣೆಯ ವಿಷಯವಾಗಿರಲಿಲ್ಲ.

ಸೋಮವಾರ ಕೆಲಸ ಮುಗಿಸಿ ಬಿಡಿಭಾಗದ ಅಂಗಡಿಗೆ ಹೋದೆ. ಕ್ವಾಡ್ ಕಂಪನಿಯವರು ಹೇಳಿದ ಎಣ್ಣೆ ಅಂಗಡಿಯಲ್ಲಿ ಮುಗಿದಿತ್ತು, ಬರಲು ಎರಡು ವಾರ ಬೇಕಂತೆ. ಕೌಂಟರಿನವನು ಹೆಗಲು ಕುಣಿಸಿ, "ಗೇರಿಗೆ ತಾನೇ? ಯಾವುದಾದ್ರೂ ಗೇರ್ ಆಯಿಲ್ ಹಾಕಿ, ನಡೆಯುತ್ತೆ," ಅಂದ. ಆ 'ಯಾವುದಾದ್ರೂ' ಕೇಳಿ ನನಗೆ ಮೈ ಉರಿಯಿತು. ನಾನು ಲಿಟಲ್ ಐಲ್ಯಾಂಡಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮುಲಾಮು ಎಷ್ಟು ಗಟ್ಟಿ, ಎಷ್ಟು ನೀರು ಎಂದು ಅಳೆಯುವುದೇ ನನ್ನ ಅನ್ನ. ನಮ್ಮಲ್ಲಿ ಒಂದು ಪದಾರ್ಥದ ಬದಲು ಇನ್ನೊಂದು ಹಾಕಬೇಕೆಂದರೆ ಫಾರಂ ತುಂಬಬೇಕು, ಯಾಕೆ ಎಂದು ಬರೆಯಬೇಕು, ಹಳೆಯದರ ಸ್ಯಾಂಪಲ್ ಎತ್ತಿಡಬೇಕು. ಕೊನೆಗೆ ಸೂಚಿಸಿದವರಲ್ಲದೆ ಬೇರೊಬ್ಬರು ಒಪ್ಪಿ ಸಹಿ ಹಾಕಬೇಕು.

ಅಡುಗೆಮನೆಯಲ್ಲೂ ನಾನು ಬದಲಿಯಲ್ಲಿ ಪಳಗಿದ ಕೈ. ಮಾವಿನಕಾಯಿ ಚಿತ್ರಾನ್ನಕ್ಕೆ ಇಲ್ಲಿನ ಹುಳಿ ಸೇಬು, ಗೊಜ್ಜಿಗೆ ಅಕ್ಕ ಕೊಡುವ ರುಬಾರ್ಬ್ ಎಂಬ ಹುಳಿ ದಂಟು. ಮೈಸೂರಿನಿಂದ ಬಂದ ನಮ್ಮತ್ತೆಯೇ ಎರಡನೇ ಸಲ ಹಾಕಿಸಿಕೊಂಡು ತಿಂದಿದ್ದಾರೆ. ಇಂಥವಳಿಗೆ ಒಂದು ಗೇರ್ ಎಣ್ಣೆ ಯಾವ ಲೆಕ್ಕ?

ಅಂದು ಸಂಜೆ ನನ್ನ ಗಂಡ ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಟ್ಯಾಬ್ ತೆಗೆದು ಕೂತಿದ್ದ.

"ಒಬ್ಬ ಹಾಕ್ಬಹುದು ಅಂತಾನೆ, ಇನ್ನೊಬ್ಬ ಹಾಕ್ಲೇಬಾರದು ಅಂತಾನೆ ಕಣೇ. ಅಕ್ಕನ್ನ ಒಂದು ಮಾತು ಕೇಳ್ಬಾರದಾ?"

"ಅವರನ್ನ ಏನಂತ ಕೇಳ್ಲಿ? ಡಬ್ಬಿ ಮೇಲಿರೋ ನಂಬರ್ ಅವರಿಗೇನು ಗೊತ್ತು? ನೀನು ಸುಮ್ನಿರು, ನಿನ್ನ ಕೋಡ್ ನೋಡ್ಕೋ," ಅಂದೆ.

ಸಿಕ್ಕಿದ್ದರಲ್ಲಿ ಅತ್ಯುತ್ತಮವಾದ ಗೇರ್ ಎಣ್ಣೆಯನ್ನೇ ಆರಿಸಿದೆ. ದುಬಾರಿ ಸಿಂಥೆಟಿಕ್. ಬೆರಳಿಗೆ ಹಚ್ಚಿದರೆ ರೇಷ್ಮೆಯ ಹಾಗೆ ಜಾರುತ್ತಿತ್ತು. ಗೇರಿನ ಹಲ್ಲುಗಳಿಗೆ ಇದಕ್ಕಿಂತ ಒಳ್ಳೆಯದು ಏನಿದ್ದೀತು? ಅಭ್ಯಾಸಬಲದಿಂದ ಮನೆಯಲ್ಲೂ ಒಂದು ಹಾಳೆ ತೆಗೆದು ಹಳೆ ಎಣ್ಣೆ, ಹೊಸ ಎಣ್ಣೆ, ಕಾರಣ ಎಲ್ಲ ಬರೆದೆ. ಬೆಳ್ಳಗಾಗಿದ್ದ ಎಣ್ಣೆಯನ್ನು ಜ್ಯಾಮ್ ಬಾಟಲಿಗೆ ಹಾಕಿ ಚೀಟಿ ಅಂಟಿಸಿದೆ. ಸೂಚಿಸಿದವರು ಎಂಬ ಕಡೆ ಸಹಿ ಹಾಕಿದೆ. ಒಪ್ಪಿದವರು ಎಂಬ ಕಡೆಯೂ ನಾನೇ ಹಾಕಿದೆ. ಲ್ಯಾಬಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಅವರಿಗೆ ನೀರಿಳಿಸುತ್ತಿದ್ದೆ.

ಮಂಗಳವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ ಎಣ್ಣೆ ತುಂಬಿದೆ. ತುಂಬುತ್ತಾ ಅಕ್ಕನಿಗೆ ಎಣ್ಣೆಯ ಸ್ನಿಗ್ಧತೆಯ ಬಗ್ಗೆ ದೊಡ್ಡ ಪಾಠವನ್ನೇ ಮಾಡಿದೆ. ಅವರು ಊರುಗೋಲಿಗೆ ಒರಗಿ ತಲೆಯಾಡಿಸುತ್ತಿದ್ದರು. ನಡುವೆ ಒಮ್ಮೆ ಏನೋ ಹೇಳಲು ಬಾಯಿ ತೆರೆದರು, ನಾನು ಮಾತು ಮುಂದುವರಿಸಿದೆ. "ಮೊದಲು ನಾನೇ ಓಡಿಸಿ ನೋಡ್ತೀನಿ, ಪರೀಕ್ಷೆ ಆಗದೆ ನಾವು ಏನನ್ನೂ ಹೊರಗೆ ಬಿಡಲ್ಲ," ಅಂದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ಬುದ್ಧಿಯಿದ್ದದ್ದು ಇದೊಂದೇ.

ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ಬೆಣ್ಣೆಯ ಹಾಗೆ ಓಡಿತು. ಇಳಿಜಾರಿನ ತುದಿಯಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಲಾಕ್ ಮಾಡಿ ಕೆಳಗಿಳಿದೆ. ಸೊಂಟದ ಮೇಲೆ ಕೈಯಿಟ್ಟು, "ನೋಡಿ ಅಕ್ಕ, ಗ್ರ್ಯಾಂಡ್!" ಅಂದೆ.

ನನ್ನ ಬೆನ್ನ ಹಿಂದೆ ಕ್ವಾಡ್ ತಾನಾಗಿಯೇ ಹೊರಟಿತ್ತು.

ಸದ್ದೇ ಇಲ್ಲ. ಮೊದಲು ಮೆಲ್ಲಗೆ, ಆಮೇಲೆ ಭರ್ರನೆ. ನಾನು ಕಿರುಚಿದೆ. ಕೆಳಗೆ ನಿಂತಿದ್ದ ಅಕ್ಕನಿಗೆ ಆ ಕಾಲಿನಲ್ಲಿ ಹಾರಿ ಪಕ್ಕಕ್ಕೆ ಸರಿಯಲು ಎಲ್ಲಿ ಸಾಧ್ಯ? ಕ್ವಾಡ್ ಅವರಿಂದ ಎರಡು ಮಾರು ದೂರದಲ್ಲಿ ಹಾದು ಹೋಗಿ, ಕಪ್ಪು ಪ್ಲಾಸ್ಟಿಕ್ ಸುತ್ತಿಟ್ಟಿದ್ದ ಮೇವಿನ ಉರುಳೆಗೆ ಗುದ್ದಿಕೊಂಡು ನಿಂತಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕ್ವಾಡನ್ನು ನೋಡಿದರು, ಗುಡ್ಡವನ್ನು ನೋಡಿದರು, ಜೇಬಿನಿಂದ ಫೋನ್ ತೆಗೆದರು. ಶನಿವಾರ ಮಧ್ಯಾಹ್ನಕ್ಕೆ ಟ್ರೇಲರ್ ತರುವಂತೆ ಮೈದುನನಿಗೆ ಹೇಳಿದರು.

ನನಗೆ ಅವಮಾನವಾಯಿತು. ಇಪ್ಪತ್ತು ವರ್ಷದ ಅನುಭವ, ಇಷ್ಟೊಂದು ಬಾಯಿ, ಕೊನೆಗೆ ಮಾಡಿದ್ದು ಒಬ್ಬ ಹೆಂಗಸಿನ ಹಿಂಡನ್ನು ಟ್ರೇಲರ್ ಹತ್ತಿಸುವ ಕೆಲಸ. ರಾತ್ರಿ ಗಂಡ 'ನಾನು ಹೇಳಿದ್ದೆ' ಅನ್ನಲಿಲ್ಲ. ಅವನ ಪುಣ್ಯ.

ಬುಧವಾರ ರಜೆ ಹಾಕಿ, ಜ್ಯಾಮ್ ಬಾಟಲಿ ಹಿಡಿದು ಅಕ್ಕನ ಅಡುಗೆಮನೆಗೆ ಹೋದೆ. ಅವರು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ರುಬಾರ್ಬ್ ಹೆಚ್ಚುತ್ತಿದ್ದರು. ತಪ್ಪಾಯಿತು ಅಂದೆ. ಆಮೇಲೆ ಭಾನುವಾರವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ.

"ಹನ್ನೊಂದು ವರ್ಷದಿಂದ ಈ ಎಣ್ಣೆ ಬದಲಾಯಿಸ್ತಾ ಇರೋರು ನೀವು. ಆ ಪೆಟ್ಟಿಗೆಯೊಳಗೆ ಗೇರ್ ಬಿಟ್ಟು ಇನ್ನೇನಿದೆ?"

"ಬ್ರೇಕು," ಅಂದರು ಅಕ್ಕ, ಚಾಕು ನಿಲ್ಲಿಸದೆ. "ಹಿಂದಿನ ಬ್ರೇಕು ಹೊರಗಿಲ್ಲ, ಒಳಗೇ ಇದೆ. ಪಾರ್ಕಿಂಗ್ ಲಾಕ್ ಹಿಡಿಯೋದೂ ಅದನ್ನೇ. ಬಿಲ್ಲೆ ಬಿಲ್ಲೆ ಜೋಡಿಸಿರ್ತಾರೆ, ಎಣ್ಣೆಯಲ್ಲೇ ಮುಳುಗಿರ್ತವೆ. ಒಂದ್ಸಲ ನಾನೇ ಬದಲಾಯಿಸಿದ್ದೆ."

ಗೇರಿಗೆ ಜಾರಬೇಕು, ಬ್ರೇಕಿಗೆ ಹಿಡಿಯಬೇಕು, ಎರಡಕ್ಕೂ ಒಂದೇ ಎಣ್ಣೆ. ನಾನು ತುಂಬಿದ್ದು ಜಾರುವುದರಲ್ಲಿ ನಂಬರ್ ಒನ್. ಬದಲಿ ಅಂದರೆ ಮೇಲಾದದ್ದಲ್ಲ, ಅದೇ ಕೆಲಸ ಮಾಡುವಂಥದ್ದು ಎಂದು ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುವವಳು ನಾನು.

"ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳೋಕೆ ಹೊರಟಿದ್ದೆ, ನೀನು ಬಿಡ್ಲಿಲ್ಲ. ಲ್ಯಾಬಿನವಳು, ಗೊತ್ತಿರುತ್ತೆ ಅಂದ್ಕೊಂಡೆ." ಆಮೇಲೆ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. "ನಮ್ಮ ಟ್ರ್ಯಾಕ್ಟರಿನ ಬ್ರೇಕೂ ಹೀಗೇ ಎಣ್ಣೆಯಲ್ಲಿ ಮುಳುಗಿರುತ್ತೆ. ವಾಸನೆಯೂ ಒಂದೇ."

ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಎಣ್ಣೆಯ ಡ್ರಮ್ ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಎರಡು ವಾರ ಕಾಯಬೇಕಾದದ್ದಕ್ಕೆ ಬದಲಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿತ್ತು. ಡ್ರಮ್ಮಿನ ಧೂಳು ಒರೆಸಿ ಓದಿದೆ: ಗೇರಿಗೆ, ಹೈಡ್ರಾಲಿಕ್ಕಿಗೆ, ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ. ಆದರೂ ಈ ಸಲ ವಾಸನೆಯನ್ನಾಗಲಿ ನನ್ನ ಓದನ್ನಾಗಲಿ ನಂಬಿ ಕೂರಲಿಲ್ಲ. ಎಣ್ಣೆ ಮಾಡುವವರಿಗೇ ಫೋನ್ ಮಾಡಿ, ಕ್ವಾಡಿನ ಮಾಡೆಲ್ ಮತ್ತು ಡ್ರಮ್ಮಿನ ನಂಬರ್ ಎರಡನ್ನೂ ಕೊಟ್ಟೆ. ಆ ಹುಡುಗಿ ನನ್ನನ್ನು ಮೊದಲು ಕೇಳಿದ್ದೇ, "ಬ್ರೇಕು ಆ ಎಣ್ಣೆಯೊಳಗಿದೆಯಾ?" ಎಂದು. ನಾಚಿಕೆಯಿಂದ ಹೌದು ಅಂದೆ. ಗುರುವಾರ ಅವಳೇ ಫೋನ್ ಮಾಡಿ, ಆ ಪೆಟ್ಟಿಗೆಗೆ ಈ ಎಣ್ಣೆ ಆಗುತ್ತದೆ ಎಂದಳು.

ಶುಕ್ರವಾರ ನನ್ನ ರೇಷ್ಮೆ ಎಣ್ಣೆ ಹೊರಬಿತ್ತು. ಬಿಲ್ಲೆಗಳಿಗೆ ಹತ್ತಿದ್ದ ಅದರ ಪಸೆಯೂ ಹೋಗಲೆಂದು ಟ್ರ್ಯಾಕ್ಟರ್ ಎಣ್ಣೆ ಹಾಕಿ, ಓಡಿಸಿ, ಬಸಿದು, ಮತ್ತೆ ಹಾಕಿ, ಮತ್ತೆ ಬಸಿದು, ಮೂರನೇ ಸಲ ತುಂಬಿದ್ದನ್ನು ಉಳಿಸಿದೆವು. ಅಕ್ಕ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ನಾನು ಅಂಗಾತ ಮಲಗಿ ಮಾಡುತ್ತಿದ್ದೆ. ಬಾಯಿ ತೆರೆದದ್ದು 'ಹೂಂ' ಅನ್ನಲು ಮಾತ್ರ.

ಶನಿವಾರ ಬೆಳಿಗ್ಗೆ ಅದೇ ಇಳಿಜಾರಿನ ತುದಿ. ಅಕ್ಕನನ್ನು ಮೇಲ್ಗಡೆ ಗೋಡೆಯ ಹಿಂದೆ ನಿಲ್ಲಿಸಿ, ಕ್ವಾಡನ್ನು ಲಾಕ್ ಮಾಡಿ ಇಳಿದೆ. ಕೈಗಡಿಯಾರ ನೋಡುತ್ತಾ ಹತ್ತು ನಿಮಿಷ ನಿಂತೆ. ಹಿಂದಿನಿಂದ ನೂಕಿದೆ. ಗಂಡನನ್ನು ಕರೆದು ಇಬ್ಬರೂ ನೂಕಿದೆವು. ಕದಲಲಿಲ್ಲ. ಹೊಸ ಹಾಳೆ ಬರೆದು, ಒಪ್ಪಿದವರು ಎಂಬ ಕಡೆ ಖಾಲಿ ಬಿಟ್ಟು, ಪೆನ್ನನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಕೂಡಲೇ ಸಹಿ ಹಾಕಲಿಲ್ಲ. ತಾವೇ ಕ್ವಾಡ್ ಹತ್ತಿ, ಗುಡ್ಡದ ಅರ್ಧದವರೆಗೆ ಓಡಿಸಿಕೊಂಡು ಹೋಗಿ, ಕಡಿದಾದ ಜಾಗದಲ್ಲಿ ನಿಲ್ಲಿಸಿ, ಕುರಿಗಳನ್ನು ಎಣಿಸಿ ವಾಪಸ್ ಬಂದರು. ಆಮೇಲೆ ಹಾಕಿದರು.

ಮಧ್ಯಾಹ್ನ ಮೈದುನ ಟ್ರೇಲರ್ ತಂದ. ಅಕ್ಕ ಚಹಾ ಕೊಟ್ಟು, "ಕುರಿ ಇಲ್ಲೇ ಇರ್ತವೆ," ಅಂದರು. ಅವನು ಕ್ವಾಡಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ನನ್ನ ಕಡೆ ತಿರುಗಿ ಕೇಳಿದ.

"ಲ್ಯಾಬಲ್ಲಿ ಕೆಲ್ಸ ಮಾಡೋದು ನೀವೇ ಅಲ್ವಾ? ಇದಕ್ಕೆ ಯಾವ ಎಣ್ಣೆ ಹಾಕಿದ್ರಿ?"

ಉತ್ತರ ನಂಬರ್ ಸಮೇತ ನಾಲಿಗೆಯ ತುದಿಯಲ್ಲೇ ಇತ್ತು.

"ಅವರನ್ನೇ ಕೇಳಿ," ಅಂದೆ.