ಭಾವನ ಬೀರುವಿನ ಖಾಲಿ ಜಾಗ

ಟೆನಿಸ್ ಕ್ಲಬ್ಬಿನ ಮಣ್ಣಿನ ಕೋರ್ಟಿಗೆ ಒಬ್ಬ ಚಕ್ರವರ್ತಿ ಇದ್ದ. ಕಿರೀಟದ ಬದಲು ತಲೆಗೆ ಒದ್ದೆ ಟವಲ್, ರಾಜದಂಡದ ಬದಲು ನೀರಿನ ಪೈಪು, ಪಟ್ಟದಾನೆಯ ಬದಲು ಒಂದು ಕಬ್ಬಿಣದ ರೋಲರ್. ಅದನ್ನು ಎಳೆದೂ ಎಳೆದೂ ಅವನ ನಡಿಗೆಯೇ ಮುಂದಕ್ಕೆ ಬಾಗಿತ್ತು. ಮದುವೆ ಮನೆಯೊಳಗೆ ಕಾಲಿಟ್ಟರೂ ಹಿಂದೆ ಏನನ್ನೋ ಎಳೆದುಕೊಂಡು ಬರುತ್ತಿದ್ದಾನೆಂದು ಜನ ಇಣುಕಿ ನೋಡುತ್ತಿದ್ದರು. ಹೀಗಾಗಿ ಅವನು ಊರಿಗೆಲ್ಲ ರೋಲರಣ್ಣ.

ಬೆಳಗಾದರೆ ಇಟ್ಟಿಗೆ ಪುಡಿಯ ಆ ಕೆಂಪು ನೆಲಕ್ಕೆ ನೀರು ಹಾಕುವುದು, ನೀರು ಇಂಗಿದ ಮೇಲೆ ರೋಲರ್ ಎಳೆಯುವುದು, ಹಳೆಯ ಬಲೆಯೊಂದನ್ನು ಹಾಸಿ ಎಳೆದು ಹೆಜ್ಜೆ ಗುರುತು ಅಳಿಸುವುದು, ಕೊನೆಗೆ ಬಿಳಿ ಗೆರೆಗಳ ಮೇಲಿನ ಪುಡಿ ಗುಡಿಸುವುದು. ಹೆಂಡತಿ ಬದುಕಿದ್ದಾಗ, “ನಿಮ್ಮ ಕಿವಿಯಿಂದ ಉದುರಿದ ಮಣ್ಣಲ್ಲಿ ದಿಂಬಿನ ಮೇಲೇ ಒಂದು ಮ್ಯಾಚ್ ಆಡಿಸ್ಬೋದು” ಎಂದು ರೇಗಿಸುತ್ತಿದ್ದಳು. ಅವಳು ತೀರಿಕೊಂಡ ವರ್ಷ ರೋಲರಣ್ಣ ಮಧ್ಯಾಹ್ನದ ಊಟವನ್ನೇ ಬಿಟ್ಟುಬಿಟ್ಟ. ಆಗ ದಿನಾ ಅಂಗಡಿ ಬಾಗಿಲು ಎಳೆದು, ಟಿಫಿನ್ ಕ್ಯಾರಿಯರ್ ಹಿಡಿದು ಬಂದು, ರೋಲರಿನ ಮೇಲೆ ಕೂತು ಅವನ ಜೊತೆ ಉಂಡವನು ಅಕ್ಕನ ಗಂಡ, ಭಾವ. ಒಂದು ದಿನವೂ ಸಮಾಧಾನದ ಮಾತಾಡಲಿಲ್ಲ. “ಉಪ್ಪು ಕಮ್ಮಿಯಾಗಿದೆ ಕಣೋ, ನಿಮ್ಮಕ್ಕಂಗೆ ಹೇಳ್ಬೇಡ” ಎನ್ನುತ್ತಿದ್ದ, ಅಷ್ಟೇ. ದುಃಖ ತಣ್ಣಗಾದ ಮೇಲೂ ಆ ಊಟ ನಿಲ್ಲಲಿಲ್ಲ.

ಭಾವನದು ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಸ್ಕ್ರೂಗಳನ್ನು ಚಿಮುಟದಿಂದ ಎತ್ತಿಡುತ್ತ, ಉಸಿರನ್ನೂ ಜೋಪಾನವಾಗಿ ಬಿಡುವ ಸಾಧು ಪ್ರಾಣಿ. ಸಂಜೆ ರಾಕೆಟ್ ಹಿಡಿದನೋ, ಬೇರೆಯೇ ಅವತಾರ. ಸಿಮೆಂಟ್ ಕೋರ್ಟಿನಲ್ಲಿ ಅವನು ಸರ್ವ್ ಮಾಡಿದರೆ ಎದುರಾಳಿಗೆ ಚೆಂಡು ಕಾಣುತ್ತಿರಲಿಲ್ಲ, ಅದು ಬಂದುಹೋದ ಸುದ್ದಿ ಮಾತ್ರ ತಿಳಿಯುತ್ತಿತ್ತು. ಗೆದ್ದ ಕಪ್ಪುಗಳೆಲ್ಲ ನಡುಮನೆಯ ಗಾಜಿನ ಬೀರುವಿನಲ್ಲಿ ತಳತಳಿಸುತ್ತಿದ್ದವು. ನಡುವಿನ ಹಲಗೆಯಲ್ಲಿ ಮಾತ್ರ ಒಂದು ಕಪ್ಪಿನಷ್ಟು ಜಾಗ ಖಾಲಿ.

ಅದು ಮಣ್ಣಿನ ಕೋರ್ಟಿನ ಚಾಂಪಿಯನ್ನನ ಕಪ್ಪಿಗೆ ಬಿಟ್ಟ ಜಾಗ. ಒದ್ದೆ ಮಣ್ಣು ಭಾವನ ಸಿಡಿಲಿನಂಥ ಸರ್ವನ್ನು, ಮಾವನ ಮನೆಗೆ ಬಂದ ಅಳಿಯನಂತೆ ಕೂರಿಸಿ ಉಪಚರಿಸಿ, ನಿಧಾನವಾಗಿ ಎದುರಾಳಿಯ ರಾಕೆಟ್ಟಿಗೆ ಕಳಿಸಿಕೊಡುತ್ತಿತ್ತು. ಪ್ರತಿ ವರ್ಷವೂ ಮಹಾರಥಿಯ ರಥ ಅಲ್ಲೇ ಹೂತುಕೊಳ್ಳುತ್ತಿತ್ತು. ಬೇಸತ್ತ ಅಕ್ಕ ಆ ಖಾಲಿ ಜಾಗದಲ್ಲಿ ರೇಡಿಯೋ ಇಟ್ಟಳು. “ಅದಾದ್ರೂ ಮಾತಾಡತ್ತೆ” ಎಂದಳು.

ಸೋತ ಭಾವನಿಗೆ ಮರುದಿನ ಊಟದ ಹೊತ್ತಿನಲ್ಲಿ ರೋಲರಣ್ಣ ಕೊಡುತ್ತಿದ್ದ ಮದ್ದು ಒಂದೇ. ಜಗದ್ವಿಖ್ಯಾತ ಟೆನಿಸ್ ವೀರರ ಹುಳುಕು! ಅದರಲ್ಲಿ ಅವನದು ಪಂಡಿತನ ಹುಮ್ಮಸ್ಸು.

“ನೋಡು ಭಾವ, ಹುಲ್ಲಿನ ಮೇಲೆ ಏಳು ಸಲ ಗೆದ್ದ ಮಹಾನುಭಾವ, ಮಣ್ಣಿನ ದೊಡ್ಡ ಟೂರ್ನಿಯಲ್ಲಿ ಒಂದೇ ಒಂದು ಫೈನಲ್ಲೂ ಕಾಣಲಿಲ್ಲ. ಇನ್ನೊಬ್ಬ, ಮಣ್ಣಿನ ರಾಜ, ಹುಲ್ಲು ಕಲೀಬೇಕು ಅಂತ ಮಣ್ಣಿನ ಟೂರ್ನಿಯನ್ನೇ ಬಿಟ್ಟು ಕೂತ. ಆದ್ರೂ ಹುಲ್ಲು ಒಲೀಲಿಲ್ಲ. ಮತ್ತೊಬ್ಬ ಹುಲ್ಲು, ಮಣ್ಣು ಎರಡೂ ಗೆದ್ದ, ಆದ್ರೆ ಇನ್ನೊಂದು ದೊಡ್ಡ ಟೂರ್ನಿಯ ಫೈನಲ್ಲಲ್ಲಿ ನಾಕು ಸಲ ಸೋತ.”

“ಅವರ ಸೋಲು ಪೇಪರಲ್ಲಿ ಬರತ್ತೆ. ನಂದು ನಿಮ್ಮಕ್ಕನ ಬಾಯಲ್ಲಿ ಬರತ್ತೆ. ವ್ಯತ್ಯಾಸ ಇದೆಯಪ್ಪಾ” ಎಂದು ಭಾವ ಕ್ಯಾರಿಯರಿನ ಮುಚ್ಚಳ ಹಾಕುತ್ತಿದ್ದ.

ಈ ವರ್ಷ ಭಾವನ ಬಲ ಮಂಡಿ ಮುಷ್ಕರ ಹೂಡಿತು. ಆಪರೇಷನ್ ಆಗಲೇಬೇಕು, ಆಮೇಲೆ ಆಟವಿಲ್ಲ ಎಂದರು ಡಾಕ್ಟರು. ಮಣ್ಣಿನ ಟೂರ್ನಿ ಮುಗಿಸಿ ಬರುತ್ತೇನೆಂದು ಭಾವ ಹಟ ಹಿಡಿದ. ಮಂಡಿಗೆ ಒಳ್ಳೆಯದೆಂದು ಮುಂಜಾನೆ ವಾಕಿಂಗ್ ಬೇರೆ ಶುರು ಮಾಡಿದ. ಏನು ಪುಣ್ಯವೋ, ಒಬ್ಬ ಎದುರಾಳಿಗೆ ಜ್ವರ, ಇನ್ನೊಬ್ಬನಿಗೆ ವರ್ಗ, ಹೀಗೆ ಆಡದೆಯೇ ಫೈನಲ್ಲಿಗೂ ಬಂದ. ಎದುರಾಳಿ ಬ್ಯಾಂಕಿನ ಕ್ಯಾಷಿಯರ್, ಅಡ್ಡಹೆಸರು ಗೋಡೆ. ಏನೇ ಹೊಡೆದರೂ ಅವನಿಂದ ವಾಪಸ್ಸು ಬರುತ್ತಿತ್ತು.

ಫೈನಲ್ಲಿನ ಹಿಂದಿನ ದಿನ ಸಂಜೆ ಅಕ್ಕ ಕ್ಲಬ್ಬಿನ ಶೆಡ್ಡಿಗೆ ಬಂದಳು. ಎಂದೂ ಬಾರದವಳು.

“ತಮ್ಮಾ, ಆ ನೆಲಕ್ಕೆ ನೀರು ಕಮ್ಮಿ ಹಾಕಿದ್ರೆ ಏನಾಗತ್ತೆ?”

“ಒಣಗತ್ತೆ. ಚೆಂಡು ಜಾರ್ಕೊಂಡು ಜೋರಾಗಿ ಹೋಗತ್ತೆ.”

“ಸಿಮೆಂಟಿನ ಥರ?”

“ಅಕ್ಕಾ, ಅದು ಮೋಸ ಕಣೇ.”

“ಮೋಸ ಏನು ಬಂತು? ನಾನು ಒಂದಿನ ಮಡಿಕೆಗೆ ನೀರು ತುಂಬಿಸೋದು ಮರೀತೀನಪ್ಪ, ನೀನೂ ಮರಿ. ಇಷ್ಟು ವರ್ಷ ಆಡ್ಕೊಂಡು ನಕ್ಕೆ. ಆದ್ರೆ ಮೊನ್ನೆ ನಿಮ್ಮ ಭಾವ ಆ ರೇಡಿಯೋ ಸರಿಸಿ, ಅಲ್ಲಿನ ಧೂಳು ಒರೆಸ್ತಿದ್ರು ಕಣೋ. ನನ್ನ ಕೈಲಿ ನೋಡೋಕಾಗ್ಲಿಲ್ಲ.”

ಮಾರನೇ ಬೆಳಿಗ್ಗೆ ಚಕ್ರವರ್ತಿ ಪೈಪು ಹಿಡಿದು ನಿಂತ. ತಾನು ಇಷ್ಟು ಕಾಲ ಯಾವ ದೊಡ್ಡ ಮನುಷ್ಯನ ಮುಖ ನೋಡಿಯೂ ಒಂದು ಹನಿ ಹೆಚ್ಚು ಕಮ್ಮಿ ಮಾಡಿದವನಲ್ಲ. ರೋಲರಿನ ಕಡೆ ನೋಡಿದ. ಅದರ ಮೇಲೆ ಕೂತು ಉಪ್ಪಿಲ್ಲದ ಅನ್ನ ಉಂಡವನ ನೆನಪಾಯಿತು. ಶಾಸ್ತ್ರಕ್ಕೆ ಒಂದಿಷ್ಟು ಚಿಮುಕಿಸಿ ನಲ್ಲಿ ನಿಲ್ಲಿಸಿಬಿಟ್ಟ. ಆಟದ ಹೊತ್ತಿಗೆ ನೆಲ ತಿಳಿಗೆಂಪಾಗಿ ಬಿಳಚಿಕೊಂಡಿತ್ತು.

ಇನ್ನೇನು, ಸಿಡಿಲು ಬೀಳಬೇಕು. ಭಾವ ಚೆಂಡು ಎಸೆದ, ರಾಕೆಟ್ ಎತ್ತಿದ, ಎಳೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ಮೆಲ್ಲಗೆ ಸರ್ವ್ ಮಾಡಿದ. ಮುಂದಿನದೂ ಹಾಗೇ. ಭಾವ ಎತ್ತರೆತ್ತರಕ್ಕೆ, ನಿಧಾನವಾಗಿ ಚೆಂಡು ಕಳಿಸುತ್ತಿದ್ದ. ಗೋಡೆಯಿಂದ ಮರಳಿದ ಚೆಂಡು ಒಣ ನೆಲಕ್ಕೆ ತಾಗಿದ್ದೇ ಮೀನಿನಂತೆ ಜಾರಿ, ಅವನು ಮಂಡಿ ಎಳೆದುಕೊಂಡು ಬರುವಷ್ಟರಲ್ಲಿ ಬೇಲಿ ಮುಟ್ಟುತ್ತಿತ್ತು. ಮೊದಲ ಸೆಟ್ಟು ಕಾಫಿ ಆರುವುದರೊಳಗೆ ಹೋಯಿತು.

ಸೆಟ್ಟುಗಳ ನಡುವೆ ಗೆರೆ ಗುಡಿಸುವ ನೆಪದಲ್ಲಿ ರೋಲರಣ್ಣ ಹತ್ತಿರ ಬಂದ. “ಭಾವ, ಸರ್ವ್ ಯಾಕೆ ಹೊಡೀತಿಲ್ಲ?”

“ಈ ಮಂಡೀಲಿ ಇನ್ನೆಲ್ಲಿಂದ ಹೊಡೀಲೋ? ಅದಕ್ಕೇ ವಾಕಿಂಗ್ ಅಂತ ಸುಳ್ಳು ಹೇಳಿ, ಗೋಡೌನ್ ಗೋಡೆಗೆ ಚೆಂಡು ಹೊಡ್ಕೊಂಡು ಕಾಯೋ ಆಟ ಕಲ್ತೆ. ನಿಂಗೂ ಹೇಳ್ಲಿಲ್ಲ, ನಾಚಿಕೆ ಆಯ್ತು.” ಬೆವರೊರೆಸಿಕೊಂಡು ನೆಲ ನೋಡಿದ. “ನಿನ್ನ ಒದ್ದೆ ನೆಲ ನಂಬ್ಕೊಂಡು ಕಲ್ತೆ ಕಣೋ. ಇವತ್ತೇನಿದು, ಕಾದ ಬಾಣಲೆ ಆಗಿದೆ?”

ರೋಲರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ, ಅವನೇ ಬಿಗಿಯಾಗಿ ರೋಲರ್ ಎಳೆದಿದ್ದ. ಅಂಪೈರಿನ ಏಣಿಕುರ್ಚಿಯ ಕೆಳಗೆ ಹೋಗಿ ನಿಂತ. “ಸ್ವಾಮಿ, ಬೆಳಿಗ್ಗೆ ನಾನು ನೀರು ಸರಿಯಾಗಿ ಹಾಕಿಲ್ಲ. ತಪ್ಪು ನಂದು. ಇಬ್ಬರೂ ಒಪ್ಪಿದ್ರೆ ಈಗ ಹಾಕ್ತೀನಿ.”

ಗೆಲ್ಲುತ್ತಿದ್ದ ಗೋಡೆ ಬೇಡ ಎನ್ನಬಹುದಿತ್ತು. “ಹಾಕಣ್ಣಾ ಹಾಕು. ಈ ಧೂಳಿಗೆ ಮನೇಲಿ ನನ್ನ ಸಾಕ್ಸ್ ಒಗೆಯೋರು ಯಾರು?” ಎಂದ.

ಆಮೇಲೆ ಹಾಕಿದ ನೀರು! ಬೀದಿಯ ನಲ್ಲಿಯಲ್ಲಿ ಮೊದಲ ಸಲ ನೀರು ಕಂಡವರ ಹಾಗೆ ಹಾಕಿದ. ಇಂಗುವವರೆಗೆ ಎಲ್ಲರೂ ಕಾದರು. ಎರಡನೇ ಸೆಟ್ಟಿನಲ್ಲಿ ಕೋರ್ಟಿಗಿಳಿದವನು ಗಡಿಯಾರದ ಅಂಗಡಿಯ ಭಾವ. ಒಂದೊಂದು ಚೆಂಡನ್ನೂ ಚಿಮುಟದಲ್ಲಿ ಹಿಡಿದಂತೆ ಎತ್ತಿ, ಅದರದರ ಜಾಗದಲ್ಲಿ ಕೂರಿಸಿದ. ಗೋಡೆಗೇ ತಾಳ್ಮೆ ಕೆಟ್ಟಿತು, ಹೊಡೆತ ಗೆರೆ ದಾಟಿತು. ಸೆಟ್ಟು ಭಾವನದಾಯಿತು. ಮಣ್ಣಿನ ಫೈನಲ್ಲಿನಲ್ಲಿ ಅವನು ಗೆದ್ದ ಮೊದಲ ಸೆಟ್ಟು ಅದು. ಅಕ್ಕ ಎದ್ದು ನಿಂತು, ಸುಮ್ಮನೆ ಸೆರಗು ಸರಿಮಾಡಿಕೊಂಡು ಕೂತಳು.

ಮೂರನೆಯದು ಕೊನೆಯವರೆಗೂ ಜಗ್ಗಾಡಿತು. ಆದರೆ ಮಂಡಿ ಮಾತು ಕೇಳಲಿಲ್ಲ. ಕೊನೆಯ ಚೆಂಡಿಗೆ ಭಾವ ಮನಸ್ಸಿನಲ್ಲಿ ಓಡಿದ, ಕಾಲು ಅಲ್ಲೇ ಉಳಿಯಿತು. ಗೋಡೆ ನೆಟ್ ಸುತ್ತಿ ಬಂದು ಅವನ ಮೊಣಕೈ ಹಿಡಿದು ಬೆಂಚಿನವರೆಗೆ ನಡೆಸಿದ.

ಶೆಡ್ಡಿನಲ್ಲಿ ಕ್ಯಾರಿಯರ್ ಬಿಚ್ಚಿದರೂ ಯಾರೂ ಕೈ ಹಾಕಲಿಲ್ಲ. ರೋಲರಣ್ಣ ಎಲ್ಲ ಹೇಳಿದ. ಅಕ್ಕ ನಡುವೆ ಬಾಯಿ ಹಾಕಿ, “ಅವನ್ನ ಬೈಬೇಡಿ, ಹೇಳಿಕೊಟ್ಟೋಳು ನಾನು” ಎಂದಳು. “ನೀವು ಗುಟ್ಟಾಗಿ ಕಲಿಯೋದೇನಿತ್ತು ರೀ? ಹೆಂಡ್ತಿ ಹತ್ರ ಒಂದು ಮಾತು ಹೇಳ್ಬಾರ್ದಾ?” ಎನ್ನುವಾಗ ಅವಳ ದನಿ ಒಡೆಯಿತು.

ಭಾವ ಇಬ್ಬರನ್ನೂ ನೋಡಿದ. ಹೊಟ್ಟೆ ಕುಲುಕುತ್ತ ನಗಲು ಶುರುಮಾಡಿದ.

“ಅಲ್ವೋ, ಆ ನಿನ್ನ ಹುಲ್ಲಿನ ವೀರ, ಮಣ್ಣಿನ ರಾಜ, ಎಲ್ಲಾ ಪಾಪ ಸ್ವಂತ ಶಕ್ತಿಯಿಂದ ಸೋತರು. ಹೆಂಡ್ತಿ, ಭಾಮೈದ ಇಬ್ರೂ ಸೇರಿ ಸೋಲಿಸೋಷ್ಟು ಪ್ರೀತಿ ಯಾವನಿಗೆ ಸಿಕ್ಕಿತ್ತೋ?”

ರೋಲರಣ್ಣ ಒಂದು ತುತ್ತು ಬಾಯಿಗಿಟ್ಟ. “ಉಪ್ಪು ಕಮ್ಮಿ” ಎಂದ.

“ಕೇಳಿಸ್ತು” ಎಂದಳು ಅಕ್ಕ.

ಸಂಜೆ ಇಬ್ಬರೂ ಸೇರಿ ಭಾವನನ್ನು ಮನೆಗೆ ನಡೆಸಿಕೊಂಡು ಬಂದರು. ಅವನು ಕುಂಟುತ್ತ ಬೀರುವಿನ ಬಳಿ ಹೋಗಿ, ರೇಡಿಯೋ ತೆಗೆದು ಮೇಜಿನ ಮೇಲಿಟ್ಟ. ಆ ಜಾಗಕ್ಕೆ ಬೇರೆ ಕಪ್ಪು ಸರಿಸಲು ಅಕ್ಕ ಕೈ ಚಾಚಿದಳು.

“ಬೇಡ ಕಣೇ, ಖಾಲಿ ಇರ್ಲಿ. ದೊಡ್ಡ ದೊಡ್ಡವರ ಮನೇಲೆಲ್ಲಾ ಇಂಥದ್ದೊಂದು ಇರತ್ತೆ. ಬೇಕಾದ್ರೆ ನಿನ್ನ ತಮ್ಮನ್ನ ಕೇಳು.”