ಅವ್ವನ ಮಂಡಿಗೆ ಎರಡು ಮಾದರಿ

ಅವ್ವನ ಬಲಮಂಡಿ ಸವೆದುಹೋಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಂಡಿ ಬದಲಿಸುತ್ತಾರೆಂದು ತಿಳಿದು, ಎಂಬತ್ತರ ದಶಕದ ನಡುವಿನಲ್ಲಿ ಅಣ್ಣನೂ ನಾನೂ ಅವಳನ್ನು ಗುಮ್ಮಳಾಪುರದಿಂದ ಕರೆದುಕೊಂಡು ಹೋದೆವು. ನೋವಿಗಿಂತ ದೊಡ್ಡ ಚಿಂತೆ ಅವಳಿಗೆ ಕೊಟ್ಟಿಗೆಯಲ್ಲಿತ್ತು. ನಮ್ಮ ಕೆಂದಹಸು ಅವಳ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಅವಳಿಗೋ ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ.

ವೈದ್ಯರು ಮೇಜಿನ ಮೇಲೆ ಎರಡು ಕೃತಕ ಕೀಲುಗಳನ್ನಿಟ್ಟರು. ಪತ್ರಿಕೆಯ ಕೆಲಸದ ಅಭ್ಯಾಸ, ನಾನು ಎರಡನ್ನೂ ಬರೆದುಕೊಂಡೆ. ಒಂದರಲ್ಲಿ ಮೇಲಿನ, ಕೆಳಗಿನ ಲೋಹದ ಭಾಗಗಳನ್ನು ಬಾಗಿಲ ಹಿಂಜಿನಂತೆ ಅಡ್ಡಸರಳೊಂದು ಸೇರಿಸಿತ್ತು. ಇನ್ನೊಂದು ಬಿಡಿಬಿಡಿ: ತೊಡೆಮೂಳೆಯ ತುದಿಗೆ ಲೋಹದ ಟೊಪ್ಪಿಗೆ, ಕೆಳಗಿನ ಮೂಳೆಯ ಮೇಲೆ ಪ್ಲಾಸ್ಟಿಕ್ಕಿನ ತಟ್ಟೆ.

ಅಣ್ಣ ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮೊದಲಿನದನ್ನು ಮಡಚಿ, ಪಕ್ಕಕ್ಕೆ ಅಲ್ಲಾಡಿಸಿ ನೋಡಿದ.

"ಇದೇ ಹಾಕ್ಬುಡಿ ಸಾರ್. ಒಂಚೂರೂ ಪ್ಲೇ ಇಲ್ಲ, ಅಲ್ಲಾಡಲ್ಲ. ಅದು ಜೋಡ್ಸೇ ಇಲ್ವಲ್ಲ, ನಮ್ ಇನ್‌ಸ್ಪೆಕ್ಷನ್ನಾಗೆ ಆದ್ರೆ ವಾಪಸ್ ಕಳಿಸ್ಬುಡ್ತಾರೆ."

"ಮಂಡಿ ಬರೀ ಮಡಚೋದಲ್ಲ, ಒಂದಿಷ್ಟು ತಿರುಗುತ್ತೆ," ಎಂದರು ವೈದ್ಯರು. "ಇದು ತಿರುಗೋಕೆ ಬಿಡಲ್ಲ. ಆ ಒತ್ತಡ ಎಲ್ಲಾ ಮೂಳೆಗೆ ಹಾಕಿದ ಸಿಮೆಂಟಿನ ಮೇಲೆ ಬಿದ್ದು ಬೇಗ ಸಡಿಲ ಆಗುತ್ತೆ."

ಅಣ್ಣ ಅದನ್ನು ಕೆಳಗಿಡಲಿಲ್ಲ. "ಮತ್ತೆ ಆ ಬಿಡಿದನ್ನ ಹಿಡ್ಕೊಳ್ಳೋದು ಯಾವ್ದು ಸಾರ್?"

ವೈದ್ಯರು ಅವ್ವನ ಕಾಲನ್ನು ಎರಡೂ ಪಕ್ಕಕ್ಕೆ ಒತ್ತಿ ನೋಡಿದರು. "ಮೂಳೆಗೆ ಮೂಳೆ ಬಿಗಿದಿರೋ ಇವರ ಸ್ವಂತ ಕಟ್ಟುಗಳೇ, ಲಿಗಮೆಂಟು. ಗಟ್ಟಿಯಾಗಿವೆ. ಅವು ಹೋಗಿದ್ದರೆ ನಿಮ್ಮ ಕೈಲಿರೋದನ್ನೇ ಹಾಕ್ತಿದ್ದೆ."

"ನನ್ನೂ ಒಂದ್ ಮಾತು ಕೇಳ್ರಲಾ, ಕಾಲು ನಂದು," ಎಂದಳು ಅವ್ವ. "ಡಾಕ್ಟ್ರೇ, ಯಾವುದ್ರಾಗೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೀಬೋದು?"

"ಎರಡರಲ್ಲೂ ಆಗಲ್ಲಮ್ಮ. ಸ್ಟೂಲ್ ಮೇಲೆ ಕೂತು ಕರೀಬಹುದು."

"ಆಫೀಸರ್ ತರ ಕೂತ್ರೆ ಹಸ ಒದೀತದೆ." ಅವ್ವ ಬಿಡಿಯಾದುದನ್ನು ತೋರಿಸಿದಳು. "ಅದೇ ಹಾಕ್ಬುಡಿ. ನನ್ ಕಟ್ಟು ಗಟ್ಟಿ ಐತೆ ಅಂದ್ರಲ್ಲ."

ಶಸ್ತ್ರಚಿಕಿತ್ಸೆಯಾದ ಮೇಲೆ ಮೂರು ತಿಂಗಳು ಹಾಲನ್ನೆಲ್ಲ ಕರುವೇ ಕುಡಿಯಿತು. ಆಮೇಲೆ ಅವ್ವ ಕೋಲಿಲ್ಲದೆ ಕೊಟ್ಟಿಗೆಗೆ ನಡೆದಳು. ಅಣ್ಣ ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ತನ್ನ ಮನೆಯಲ್ಲಿ ಅವಳ ಅಳತೆಗೆ ಕಬ್ಬಿಣದ ಸ್ಟೂಲು ಮಾಡಿ ತಂದಿದ್ದ. ಅದರ ನಾಲ್ಕು ಕಾಲೂ ಒಂದೇ ಮಟ್ಟ. ಕೊಟ್ಟಿಗೆಯ ಚಪ್ಪಡಿ ಹಾಗಿರಲಿಲ್ಲ; ಅವ್ವ ಕೂತೊಡನೆ ಸ್ಟೂಲು ಅಲ್ಲಾಡಿತು.

"ಇದ್ಕೆ ಪ್ಲೇ ಜಾಸ್ತಿ ಕಣ್ಲಾ," ಎಂದಳು. ಅಣ್ಣ ಸ್ಟೂಲಿನ ಒಂದು ಕಾಲಿನಡಿ ಹಂಚಿನ ಚೂರು ಸೇರಿಸಿದ.

ಎತ್ತರದಲ್ಲಿ ಕೂತವಳನ್ನು ಹಸು ತಿರುಗಿ ಮೂಸಿತು. ಅವಳು ಬಲಗಾಲು ಚಾಚಿ, ತಂಬಿಗೆಯನ್ನು ಎಡತೊಡೆಗೆ ಒತ್ತಿಕೊಂಡು ಕೆಚ್ಚಲಿಗೆ ಕೈಹಾಕಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ತಂಬಿಗೆಯ ತಳದಲ್ಲಿ ಹಾಲು ಸದ್ದು ಮಾಡಿತು.